ಊಟದ ಮೇಜಿನ ಮೇಲಿನ ಮಾನಿಟರ್

ಚರ್ಚಿನ ಹಿರಿಯ ಡೀಕನ್ ಹೊಬಾರ್ಟ್ ಅವರನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಶನಿವಾರ ಮಧ್ಯಾಹ್ನ ಷರೀಸ್ ಗೇನ್ಸ್ ಒಲೆಯ ಮುಂದೆ ನಿಂತು ಮೀನು ಕರಿಯುತ್ತಿದ್ದಾಗ ಪೆಟವೇ ಅವರ ಫೋನ್ ಬಂತು. ಶವಸಂಸ್ಕಾರದ ವ್ಯವಹಾರ ನಡೆಸುವವರು ಹರಟೆಗೆಂದು ಫೋನ್ ಮಾಡುವುದಿಲ್ಲ. ಯಾರೋ ತೀರಿಕೊಂಡಿರಬೇಕು, ಕೆಲಸ ಬಂತು ಎಂದುಕೊಂಡು ಅವಳು ಮೆಕ್ಕೆಜೋಳದ ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿದಳು.

"ಷರೀಸ್, ಹೊಬಾರ್ಟ್ ಅವರ ಮಗಳು ಬಂದಿದ್ಲು. ಅಟ್ಲಾಂಟಾದಲ್ಲಿರೋಳು. ಪುಸ್ತಿಕೆ ನನ್ನ ಮೇಜಿನ ಮೇಲೆ ಎಸೆದು ಹೋದ್ಲು."

"ಯಾಕಂತೆ?"

"'ಇದು ನಮ್ಮಪ್ಪ ಅಲ್ಲ' ಅಂದ್ಲು. ಮುಖ ಇದ್ದಿಲು ಮಾಡಿಟ್ಟಿದೀರಿ ಅಂದ್ಲು."

"ನಿಮ್ಮ ಪ್ರಿಂಟರಲ್ಲೇನಾದ್ರೂ..."

"ನನ್ನ ಪ್ರಿಂಟರಲ್ಲಿ ಹೂವು ಹೂವಿನ ಹಾಗೇ ಬಂದಿದೆ, ಕೋಟು ಕೋಟಿನ ಹಾಗೇ ಬಂದಿದೆ. ಮುಖ ಒಂದೇ ಮುಳುಗಿರೋದು. ಮುಖ ಮುಟ್ಟಿದೋಳು ನೀನು." ಪೆಟವೇ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ನಾಲ್ಕು ವರ್ಷ ಆಯ್ತು ನಿನ್ನ ಕೈಲೇ ಮಾಡಿಸ್ತಾ ಇರೋದು. ಇನ್ನೊಂದು ಸಲ ಹೀಗಾದ್ರೆ ನನ್ನ ತಂಗಿ ಮಗನ ಕೈಗೆ ಕೊಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದ ಮೇಲೆ ಯಾರು ತಾನೇ ಮಾಡಿಕೊಳ್ಳದೆ ಇರುತ್ತಾರೆ! ಬಾಣಲೆಯಲ್ಲಿ ಎರಡು ಮೀನು ಸೀದವು.

ಪುಸ್ತಿಕೆ ಎಂದರೆ ಅಂತಿಮ ಆರಾಧನೆಯ ದಿನ ಚರ್ಚಿನ ಬಾಗಿಲಲ್ಲಿ ಕೈಗೆ ಕೊಡುವ ಎಂಟು ಪುಟದ ನುಣುಪು ಪುಸ್ತಿಕೆ. ಮುಖಪುಟದಲ್ಲಿ ಹೋದವರ ಫೋಟೋ, ಅದರ ಕೆಳಗೆ ಹುಟ್ಟಿದ ದಿನಕ್ಕೆ ಸೂರ್ಯೋದಯ ಎಂದೂ ಸತ್ತ ದಿನಕ್ಕೆ ಸೂರ್ಯಾಸ್ತ ಎಂದೂ ಹೆಸರು. ಟೊಲೀಡೊ ಊರಿನ ಈ ಕಡೆಯ ಕಪ್ಪು ಜನರ ಮನೆಗಳಲ್ಲಿ ಅದನ್ನು ಯಾರೂ ಎಸೆಯುವುದಿಲ್ಲ. ಬೈಬಲಿನೊಳಗೆ ಇಡುತ್ತಾರೆ, ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುತ್ತಾರೆ. ವರ್ಷಗಳಾದ ಮೇಲೆ ಸತ್ತವರ ನೆನಪೆಂದರೆ ಆ ಮುಖಪುಟವೇ. ಅದರ ಮುಖ ತಿದ್ದುವ ಕೆಲಸ ಷರೀಸಳದು. ಮಧ್ಯಾಹ್ನ ಎರಡರಿಂದ ಹತ್ತರವರೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹೆಗಲು ಬೀಳುವಷ್ಟು ದುಡಿದು, ಬೆಳಿಗ್ಗೆ ಊಟದ ಮೇಜಿನ ತುದಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅವಳು ಈ ಕೆಲಸ ಮಾಡುತ್ತಿದ್ದಳು. ಬಟ್ಟೆಯ ಕೆಲಸ ಹೊಟ್ಟೆಗೆ. ಇದನ್ನು ಮಾತ್ರ ಅವಳು ನನ್ನ ಕೆಲಸ ಎನ್ನುತ್ತಿದ್ದಳು.

ಮೇಜಿಗೆ ಮೀನು, ಕಾಲರ್ಡ್ ಸೊಪ್ಪು, ಕಾರ್ನ್‌ಬ್ರೆಡ್ ಬಂದವು. ಅತ್ತೆ ಐಡೆಲ್ಲಾ ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿದ್ದರು. ಅವರಿಗೆ ಎಪ್ಪತ್ತೊಂಬತ್ತು. ಚರ್ಚಿನಲ್ಲಿ ಎಲ್ಲರಿಗೂ 'ಮದರ್ ಗೇನ್ಸ್', ಅವರು ಕೂತ ಸಾಲಿನಲ್ಲಿ ಮಕ್ಕಳು ಕೆಮ್ಮುವುದಕ್ಕೂ ಹೆದರುತ್ತಿದ್ದರು. ಕಿಟಕಿಯ ಹಲಗೆಯ ಮೇಲೆ ಅವರ ಏಳು ವಯಲೆಟ್ ಹೂಗಿಡದ ಕುಂಡಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.

"ಯಾರು ಹೋದ್ರಂತೆ?" ಐಡೆಲ್ಲಾ ಕೇಳಿದರು.

"ಯಾರೂ ಹೋಗಿಲ್ಲ ಅಮ್ಮಾ. ನನ್ನ ಕೆಲಸ ಹೋಗೋ ಹಾಗಿದೆ." ಷರೀಸ್ ನಡೆದದ್ದನ್ನು ಹೇಳಿದಳು.

ಗಂಡ ಥರ್ಮನ್ ಸಿಟಿ ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೆಟ್ಟದ್ದು ಏನೇ ಇರಲಿ, ಭಾಗ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ನಂಬಿದವನು. "ಆ ಮಾನಿಟರು ಮುದಿಯಾಯ್ತು ಕಣೇ. ಜೊನೆಲ್ ಮೂರನೇ ಕ್ಲಾಸಲ್ಲಿದ್ದಾಗ ತಂದಿದ್ದು. ಹೊಸದು ತರೋಣ."

"ಅದೇ ನಾನೂ ಹೇಳೋದು. ಅದರಲ್ಲೇ ಏನೋ ಐಬು."

ಐಡೆಲ್ಲಾ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ ಹೇಳಿದರು: "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ."

"ಅಜ್ಜೀ!" ಎಂದಳು ಜೊನೆಲ್. ಹದಿನೇಳರ ಹುಡುಗಿ, ಮೂಗಿನ ಮೇಲೆ ಕೆನ್ನೆಯ ಮೇಲೆ ಕಂದು ಚುಕ್ಕೆ ಚೆಲ್ಲಿದ ಮುಖ.

"ಗಾದೆ ಹೇಳಿದೆ ಕಣೇ. ನಿಮ್ಮಮ್ಮನಿಗೆ ಅಂತ ಹೇಳಿದ್ನಾ? ಹಾಗೇ ಸೋಮವಾರ ನೀನು ಸ್ಕೂಲಿಂದ ಬಂದ ಮೇಲೆ ನನ್ನನ್ನ ಮನ್ರೋ ಬೀದಿ ಸ್ಟುಡಿಯೋಗೆ ಕರ್ಕೊಂಡು ಹೋಗು. ನನ್ನ ಫೋಟೋ ಕೊಡ್ಬೇಕು."

"ಯಾವ ಫೋಟೋ?"

"ನನ್ನ ಪುಸ್ತಿಕೆದು."

ಐಡೆಲ್ಲಾ ತಮ್ಮ ಕೊನೆಯ ದಿನದ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಬರೆದಿಟ್ಟಿದ್ದರು. ಯಾವ ಹಾಡು, ಯಾವ ಬಿಳಿ ಉಡುಪು, ಯಾರು ಯಾವ ಕಾರಣಕ್ಕೂ ಹಾಡಕೂಡದು, ಎಲ್ಲ. ಉಳಿದಿದ್ದದ್ದು ಮುಖಪುಟದ ಫೋಟೋ ಒಂದೇ.

"ಮನೇಲೇ ಮಾಡೋಳು ನಾನಿದೀನಲ್ಲ ಅಮ್ಮಾ," ಎಂದಳು ಷರೀಸ್.

"ನಿನಗ್ಯಾಕಮ್ಮ ತೊಂದ್ರೆ. ಸೊಪ್ಪಿಗೆ ಉಪ್ಪು ಸರಿಯಾಗಿದೆ."

ಗಾದೆ ಚುಚ್ಚಿದ್ದಕ್ಕಿಂತ ಆ ನಯ ಹೆಚ್ಚು ಚುಚ್ಚಿತು. ಪೆಟವೇ ಕೆಲಸ ಕಿತ್ತುಕೊಂಡರೆ ಕೈ ಬರಿದಾಗುತ್ತಿತ್ತು, ಅಷ್ಟೆ. ಇಡೀ ಚರ್ಚಿನ ಸತ್ತವರ ಮುಖ ತಿದ್ದುವ ಸೊಸೆ ಮನೆಯಲ್ಲಿರುವಾಗ ಅತ್ತೆ ತಮ್ಮ ಫೋಟೋವನ್ನು ಬೀದಿಯ ಸ್ಟುಡಿಯೋಗೆ ಒಯ್ದರೆ ಅವಳು ಯಾರಿಗೆ ಮುಖ ತೋರಿಸಬೇಕು? ಅವಳು ಬಲದವಡೆಯಲ್ಲೇ ಅಗಿದು ಊಟ ಮುಗಿಸಿದಳು. ಎಡಗಡೆ ಒಂದು ಹಲ್ಲು ಒಡೆದು ತಿಂಗಳಾಗಿತ್ತು. ಅದಕ್ಕೆ ಕ್ಯಾಪ್ ಹಾಕಿಸಲು ದುಡ್ಡು ಕೂಡಿಡುತ್ತಿದ್ದಳು.

ಸೋಮವಾರ ಜೋರು ಗಾಳಿ, ಮಂಗಳವಾರ ಐಡೆಲ್ಲಾಗೆ ಮಂಡಿನೋವು. ಸ್ಟುಡಿಯೋಗೆ ಹೋಗುವುದು ಹಾಗೇ ಮುಂದಕ್ಕೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಷರೀಸ್ ಎದ್ದು ಬಂದಾಗ ಊಟದ ಮೇಜು ಕಾಣಲೇ ಇಲ್ಲ. ಈ ಗೋಡೆಯಿಂದ ಆ ಗೋಡೆಗೆ ಮುಟ್ಟುವಂಥ, ಬಿಲ್ಲಿನಂತೆ ಬಾಗಿದ ಮಾನಿಟರ್ ಕೂತಿತ್ತು. ಗಂಡಹೆಂಡಿರು ವಾರದ ದಿನಗಳಲ್ಲಿ ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ. ಅವನು ಬೆಳಗಿನ ಜಾವ ಐದಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆಗೆ ಬರುತ್ತಿದ್ದ, ಅಷ್ಟರಲ್ಲಿ ಅವಳು ಹೊರಟಿರುತ್ತಿದ್ದಳು. ಸಂಸಾರ ನಡೆಯುತ್ತಿದ್ದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ. ಅವತ್ತಿನ ಚೀಟಿಯಲ್ಲಿ ಬರೆದಿತ್ತು: "ಅರ್ಧ ಬೆಲೆಗೆ ಸಿಕ್ತು. ಅತಿ ದೊಡ್ಡದು. ಖುಷಿನಾ?"

ಜೊನೆಲ್ ಶಾಲೆಗೆ ಹೊರಡುವ ಗಡಿಬಿಡಿಯಲ್ಲೂ ನಿಂತು ನೋಡಿದಳು. "ಅಮ್ಮಾ, ಇದು ಆಟ ಆಡೋರಿಗೆ ಮಾಡಿರೋದು. ನಿನಗೆ ಬಣ್ಣ ಸರಿಯಾಗಿ ತೋರ್ಸೋದು ಬೇಕು, ಜಾಸ್ತಿ ತೋರ್ಸೋದಲ್ಲ."

"ನಿಮ್ಮಪ್ಪ ಪ್ರೀತಿಯಿಂದ ತಂದಿದಾರೆ. ಬಾಯಿ ಮುಚ್ಕೊಂಡು ಸ್ಕೂಲಿಗೆ ಹೋಗು."

ಹುಡುಗಿಯ ಮಾತು ಷರೀಸಳ ಕಿವಿಗೆ ಬಿದ್ದಿತ್ತು. ಆದರೂ ಅವಳಿಗೆ ಆ ಮಾನಿಟರ್ ಇಷ್ಟವಾಯಿತು. ಬೆಳಗಿನ ಬಿಸಿಲು ನೇರ ಕಿಟಕಿಯಿಂದ ಮೇಜಿನ ಮೇಲೆ ಬೀಳುತ್ತಿತ್ತು. ಹಳೆಯ ಮಾನಿಟರಿನ ಬೆಳಕನ್ನು ಕೊನೆಯ ಗೆರೆಯವರೆಗೆ ಏರಿಸಿದರೂ ಕಣ್ಣು ಕಿರಿದು ಮಾಡಿ ನೋಡಬೇಕಿತ್ತು. ಇದೋ ಬಿಸಿಲಿಗೇ ಸವಾಲು ಹಾಕುತ್ತಿತ್ತು. ಕೆಂಪು ಎಂದರೆ ಕೆಂಪು, ನೀಲಿ ಎಂದರೆ ನೀಲಿ. ದುಡಿದು ದಣಿದ ಹೆಂಗಸಿಗೆ ಒಂದು ವಸ್ತುವಾದರೂ ಹೊಳೆಯುತ್ತಿದ್ದರೆ ಯಾಕೆ ಬೇಡವೆನ್ನಬೇಕು?

ಮೇಜಿನ ಮೇಲೆ ತಟ್ಟೆಗೆ ಜಾಗವಿಲ್ಲದೆ ಮನೆಯವರು ಅಡಿಗೆಮನೆಯಲ್ಲಿ ನಿಂತೇ ಉಣ್ಣತೊಡಗಿದರು. ಐಡೆಲ್ಲಾ ಮಾತ್ರ ತಮ್ಮ ಕುರ್ಚಿ ಬಿಡಲಿಲ್ಲ. ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, "ಇದರ ಹಿಂದುಗಡೆ ನೋಡ್ಕೊಂಡು ಉಣ್ಣೋದಕ್ಕೆ ನಾನೇನು ಪಾಪ ಮಾಡಿದ್ದೆ," ಎನ್ನುತ್ತಿದ್ದರು.

ನವೆಂಬರಿನ ಎರಡನೆಯ ವಾರ ವರ್ಲೀನ್ ಓಕ್ಸ್ ತೀರಿಕೊಂಡರು. ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ಬಂದವರನ್ನು ಎದುರುಗೊಳ್ಳುತ್ತ ಐಡೆಲ್ಲಾ ಜೊತೆ ನಲವತ್ತು ವರ್ಷ ನಿಂತ ಗೆಳತಿ. ಪೆಟವೇ ಹಿಂದುಮುಂದು ನೋಡಿ ಫೋಟೋ ಕಳಿಸಿದರು. ಷರೀಸ್ ನಾಲ್ಕು ದಿನ ಬೆಳಿಗ್ಗೆ ಕೂತಳು. ಫೋಟೋದಲ್ಲಿ ವರ್ಲೀನ್ ಹಣೆ ತುಂಬಾ ಮಿಂಚುತ್ತಿತ್ತು, ಕೆನ್ನೆ ಬಣ್ಣ ಹಾರಿ ಬೆಳ್ಳಗಾದಂತೆ ಕಂಡಿತು. ಮಿಂಚು ತೆಗೆದಳು, ಕೆನ್ನೆಯನ್ನು ಒಂದು ಮಟ್ಟ ಇಳಿಸಿದಳು. ಇನ್ನೂ ಮಿಂಚು. ಇನ್ನೊಂದು ಮಟ್ಟ ಇಳಿಸಿದಳು. ಆಗ ಮುಖ ಜೇನಿನ ಬಣ್ಣಕ್ಕೆ ಬಂತು.

"ಹೇಗಿದೆ ಅಮ್ಮಾ?" ಎಂದು ಮಾನಿಟರನ್ನು ಅತ್ತೆಯ ಕಡೆ ತಿರುಗಿಸಿದಳು.

"ಇದರಲ್ಲಿ ಚೆನ್ನಾಗೇ ಇದಾಳೆ," ಎಂದರು ಐಡೆಲ್ಲಾ.

'ಇದರಲ್ಲಿ' ಎಂಬ ಮಾತಿನ ತೂಕ ಷರೀಸ್‌ಗೆ ಗೊತ್ತಾದದ್ದು ಶನಿವಾರ, ಚರ್ಚಿನ ಬಾಗಿಲಲ್ಲಿ. ಪುಸ್ತಿಕೆ ಕೈಗೆ ಬಂದಾಗ ಜೇನು ಎಲ್ಲೋ ಹೋಗಿತ್ತು. ಬಿಳಿ ಟೋಪಿ ಸರಿಯಾಗಿತ್ತು, ಮುತ್ತಿನ ಸರ ಸರಿಯಾಗಿತ್ತು, ನಡುವೆ ಬೂದಿಕಪ್ಪು ಬಣ್ಣದ ಯಾರೋ ಹೆಂಗಸು. ಆರಾಧನೆ ಮುಗಿದು ಕೆಳಗಿನ ಹಾಲಿನಲ್ಲಿ ಊಟ. ಷರೀಸ್ ಕೋಳಿ ಬಡಿಸುತ್ತ ಇನ್ನೂರು ಜನರ ಮುಂದೆ ಹೋದಳು. ಆ ಮುಖದ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ. ಸಾವಿನ ಮನೆಯ ಊಟದಲ್ಲಿ ಬಣ್ಣದ ಮಾತು ತೆಗೆಯುವವರು ಯಾರು? ನಾಲ್ಕು ವರ್ಷ ಯಾರೂ ತೆಗೆದಿರಲಿಲ್ಲ. ದೂರದಿಂದ ಬಂದ ಹೊಬಾರ್ಟ್ ಮಗಳಿಗೆ ಮಾತ್ರ ಆ ಸಂಕೋಚವಿರಲಿಲ್ಲ.

ಕೋಟುಗಳನ್ನು ನೇತುಹಾಕಿದ್ದ ಕಡೆ ಪೆಟವೇ ಅವಳನ್ನು ತಡೆದರು. ಬೈಯಲಿಲ್ಲ, ಅದೇ ಕಷ್ಟವಾಯಿತು.

"ಒಂದೇ ಒಂದು ಅವಕಾಶ ಕೊಡಿ," ಎಂದಳು.

"ಹೊಸ ವರ್ಷದೊಳಗೆ ಒಂದು ಮುಖ ಸರಿಯಾಗಿ ಮಾಡಿ ತೋರ್ಸು. ಯಾರದಾದ್ರೂ ಆಗ್ಲಿ. ಅಲ್ಲೀವರೆಗೆ ನನ್ನ ತಂಗಿ ಮಗ ಮಾಡ್ತಾನೆ."

ಮನೆಗೆ ಬರುವಾಗ ಕಾರಿನಲ್ಲಿ ಐಡೆಲ್ಲಾ ಬ್ಯಾಗು ತೆರೆದು ಪುಸ್ತಿಕೆಯನ್ನು ಮತ್ತೊಮ್ಮೆ ನೋಡಿದರು. "ವರ್ಲೀನ್ ಬಾಗಿಲ ಹಿಂದೆ ನಿಂತು ಇಣುಕಿದ ಹಾಗಿದೆ," ಎಂದು ಬ್ಯಾಗು ಮುಚ್ಚಿದರು.

ಭಾನುವಾರ ಅಲಸಂದೆ ಕಾಳಿನ ಊಟದ ಮುಂದೆ ಜಗಳ ಹತ್ತಿಕೊಂಡಿತು.

"ವಾಪಸ್ ಕೊಟ್ಟು ಬನ್ನಿ ಅದನ್ನ. ಹದಿನೈದು ದಿನ ಟೈಮಿದೆ ಅಂತ ಬಿಲ್ಲಲ್ಲಿ ಬರೆದಿದೆ," ಎಂದಳು ಷರೀಸ್.

ಥರ್ಮನ್ ಕಾಳು ಕಲಸುತ್ತಲೇ ಇದ್ದ.

"ಕೇಳಿಸ್ತಾ?"

"ಡಬ್ಬ ಇಲ್ದೆ ವಾಪಸ್ ತಗೊಳ್ಳಲ್ಲ ಅವರು."

"ಡಬ್ಬ ಎಲ್ಲಿ?"

"ಕಾರಿನ ಕೆಳಗೆ. ಆಯಿಲ್ ಸೋರ್ತಿತ್ತು. ಬಿಡಿಸಿ ಹಾಸಿದೀನಿ."

ಷರೀಸ್ ಚಮಚ ಕೆಳಗಿಟ್ಟಳು. "ಹೊಸಾ ಡಬ್ಬ! ಇಡೀ ಊರಲ್ಲಿ ರಟ್ಟು ಸಿಗ್ಲಿಲ್ವಾ ನಿಮಗೆ?"

"ದೊಡ್ಡ ರಟ್ಟು ಕಣೇ ಅದು. ಒಂದೇ ತುಂಡಲ್ಲಿ ಕಾರಿನಡಿ ಪೂರ್ತಿ ಬಂತು."

ಜೊನೆಲ್‌ಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡಳು.

"ನಗೋಳು ನಗು. ನೀನೇ ಹೇಳಿದ್ದೆ, ನಾನು ಕೇಳ್ಲಿಲ್ಲ. ಈಗ ಯಾವುದು ತಗೋಬೇಕು ಅದನ್ನ ಹೇಳು."

ಹುಡುಗಿಗೆ ಶಾಲೆಯ ವಾರ್ಷಿಕ ಸಂಚಿಕೆಯ ಫೋಟೋ ಕೆಲಸದಲ್ಲಿ ಕೈಪಳಗಿತ್ತು. ಅವಳು ಬೆರಳು ಮಡಚಿ ಹೇಳಿದಳು: ಚಿಕ್ಕದಿರಲಿ, ಚಪ್ಪಟೆ ಇರಲಿ, ಮೇಲ್ಮೈ ಕನ್ನಡಿಯ ಹಾಗೆ ಹೊಳೆಯಬಾರದು. ಬಣ್ಣ ಮೊದಲೇ ಅಳೆದು ಕಳಿಸಿರಬೇಕು. ಬೆಲೆ ಹೇಳಿದಾಗ ಥರ್ಮನ್ ಕೆಮ್ಮಿದ.

"ಇದರ ಅರ್ಧ ಗಾತ್ರಕ್ಕೆ ಎರಡರಷ್ಟು ದುಡ್ಡಾ? ಎಲ್ಲಿಂದ ತರ್ತೀಯ?"

"ಹಲ್ಲಿನ ದುಡ್ಡಿದೆ," ಎಂದಳು ಷರೀಸ್.

"ಹಲ್ಲು ಬೇಡ್ವಾ ನಿನಗೆ?"

"ಇನ್ನೊಂದು ಕಡೆ ಇದಾವಲ್ಲ. ಅಲ್ಲೇ ಅಗೀತೀನಿ."

ಐಡೆಲ್ಲಾ ಏನೋ ಹೇಳಲು ಬಾಯಿ ತೆರೆದರು. ಎಲ್ಲರೂ ಇನ್ನೊಂದು ಗಾದೆಗೆ ಸಿದ್ಧರಾದರು. ಅವರು ಕಾರ್ನ್‌ಬ್ರೆಡ್ ಮುರಿದು ಬಾಯಿಗೆ ಹಾಕಿಕೊಂಡರು, ಅಷ್ಟೆ. ಬಾಗಿದ ಮಾನಿಟರ್ ನೆಲಮಾಳಿಗೆಗೆ ಹೋಯಿತು, ಅಲ್ಲಿ ಥರ್ಮನ್‌ನ ಫುಟ್‌ಬಾಲ್ ನೋಡುವುದಕ್ಕೆ ಆಯಿತು. ಆ ಮಟ್ಟಿಗೆ ಅವನಿಗೆ ನಷ್ಟವಿಲ್ಲ ಎಂದು ಷರೀಸ್ ಒಂದು ವಾರ ಫ್ರಿಜ್ಜಿನ ಬಾಗಿಲಲ್ಲಿ ಬರೆದು ಬರೆದು ಹೇಳಿದಳು.

ಹೊಸದು ಬಂದಾಗ ಎಲ್ಲರಿಗೂ ನಿರಾಸೆ. ಕಡುಬೂದು ಬಣ್ಣದ ಸಾದಾ ಪೆಟ್ಟಿಗೆ. ಜೊನೆಲ್ ಶಾಲೆಯ ಮೇಷ್ಟ್ರಿಂದ ಒಂದು ಬಣ್ಣ ಅಳೆಯುವ ಉಪಕರಣ ಎರವಲು ತಂದಿದ್ದಳು. ಇಲಿಯಷ್ಟು ದೊಡ್ಡದು. ಅದನ್ನು ಮಾನಿಟರಿನ ಎದೆಗೆ ನೇತುಹಾಕಿ ಅರ್ಧ ಗಂಟೆ ಅದರ ಮಾತು ಕೇಳಿದಳು. ಕೊನೆಗೆ ಅದು, ಬೆಳಕನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ, ಕೋಣೆಗೆ ಬಿಸಿಲು ಬಿಡಬೇಡಿ ಎಂದಿತು.

"ಇಷ್ಟು ಮಂಕಾ?" ಎಂದ ಥರ್ಮನ್. "ಪಾತ್ರೆ ತೊಳೆದ ನೀರಿನ ಹಾಗಿದೆ. ಹಲ್ಲಿನ ದುಡ್ಡು ಕೊಟ್ಟು ಕತ್ತಲು ತಂದ ಹಾಗಾಯ್ತಲ್ಲೇ."

"ಕಾಗದ ಮಿಂಚಲ್ಲ ಅಪ್ಪಾ," ಎಂದಳು ಜೊನೆಲ್. "ಅಮ್ಮ ಇಷ್ಟು ದಿನ ದೀಪದ ಮುಂದೆ ಮುಖ ನೋಡಿ, ಜಾಸ್ತಿ ಬೆಳ್ಳಗಿದೆ ಅಂತ ಕಪ್ಪು ಮಾಡ್ತಿದ್ಲು. ಕಾಗದಕ್ಕೆ ದೀಪ ಇಲ್ಲ. ಅಲ್ಲಿ ಕಪ್ಪು ಮಾತ್ರ ಉಳೀತಿತ್ತು."

ಷರೀಸ್‌ಗೆ ಅರ್ಥವಾಯಿತು. ಅರ್ಥವಾದದ್ದು ಇಷ್ಟವಾಗಲಿಲ್ಲ. ನಾಲ್ಕು ವರ್ಷ ಕಿಟಕಿಯ ಬಿಸಿಲಿನಲ್ಲಿ, ಬೆಳಕು ಕೊನೆಯ ಗೆರೆಗೇರಿಸಿ, ಅವಳು ಎಷ್ಟು ಜನರ ಮುಖ ಇಳಿಸಿದ್ದಳು?

ಇನ್ನು ಕಿಟಕಿ. ದಪ್ಪ ಕರ್ಟನ್ ತಂದು ನೇತುಹಾಕುವ ದಿನ ಐಡೆಲ್ಲಾ ಕುರ್ಚಿಯಿಂದ ಏಳಲಿಲ್ಲ.

"ನನ್ನ ಗಿಡ?"

"ಬೆಳಿಗ್ಗೆ ಮೂರು ಗಂಟೆ ಮಾತ್ರ ಮುಚ್ತೀನಿ ಅಮ್ಮಾ."

"ಇರೋ ಬಿಸಿಲೇ ಮೂರು ಗಂಟೆ. ಡಿಸೆಂಬರಲ್ಲಿ ಅದೂ ಇಲ್ಲ. ಇವುಗಳನ್ನ ಎಜೆಲ್ ತಂದುಕೊಟ್ಟಿದ್ದು, ಗೊತ್ತಲ್ಲ?"

ಎಜೆಲ್ ಅವರ ಗಂಡ. ಸತ್ತು ನಾಲ್ಕು ವರ್ಷ. "ಗೊತ್ತು ಅಮ್ಮಾ," ಎಂದಳು ಷರೀಸ್. ಅವಳಿಗೆ ಕೂಗಾಡುವುದಕ್ಕೂ ತ್ರಾಣವಿರಲಿಲ್ಲ. ಕರ್ಟನ್ನಿನ ಕೋಲು ಹಿಡಿದು ಸ್ಟೂಲಿನ ಮೇಲೆ ಹಾಗೇ ನಿಂತಳು. "ಎಲ್ಲಾದಕ್ಕೂ ಬೇಡ ಅಂದ್ರೆ ನಾನೇನು ಮಾಡ್ಲಿ ಹೇಳಿ. ತಪ್ಪು ನನ್ನದೇ ಅಂದ್ರಿ, ಒಪ್ಕೊಂಡೆ. ಸರಿ ಮಾಡ್ಕೊಳ್ಳೋದಕ್ಕಾದ್ರೂ ಬಿಡಿ."

ಐಡೆಲ್ಲಾ ಎದ್ದು, ಒಂದೊಂದೇ ಕುಂಡವನ್ನು ಎರಡು ಕೈಯಲ್ಲಿ ಹಿಡಿದು ತಮ್ಮ ಕೋಣೆಗೆ ಒಯ್ದರು. ಏಳು ಸಲ ಹೋದರು, ಏಳು ಸಲ ಬಂದರು. ಹಿಡಿಯಲು ಹೋದ ಷರೀಸ್‌ಗೆ ಒಂದನ್ನೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಕರ್ಟನ್ ಎಳೆದು ಕೂತವಳು ಹಳೆಯ ಕೆಲಸಗಳನ್ನು ತೆರೆದಳು. ಪೆಟವೇಗೆ ತೋರಿಸಲು ಒಂದು ಮುಖ ಬೇಕಿತ್ತು. ಅವಳಿಗೆ ಹೊಳೆದದ್ದು ಮಾವನ ಮುಖ. ಎಜೆಲ್ ತೀರಿಕೊಂಡಾಗ ಅವಳೇ ಕೂತು ಮಾಡಿದ ಮೊದಲ ಪುಸ್ತಿಕೆ ಅದು. ಆ ದಿನ ಚರ್ಚಿನಲ್ಲಿ ಹೊಗಳದವರಿಲ್ಲ, ಪೆಟವೇ ಕೆಲಸ ಕೊಟ್ಟದ್ದೇ ಅದನ್ನು ನೋಡಿ. ಅವಳ ಲೆಕ್ಕದಲ್ಲಿ ಅದು ಅವಳ ಅತ್ಯುತ್ತಮ ಕೆಲಸ.

ಮಂಕು ಮಾನಿಟರಿನಲ್ಲಿ ಅದು ತೆರೆದುಕೊಂಡಿತು. ಷರೀಸ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

ಎಜೆಲ್ ಕೆಂಪುಕಂದು ಬಣ್ಣದ ಮನುಷ್ಯ. ಮೂಗಿನಿಂದ ಕಿವಿಯವರೆಗೆ ಚುಕ್ಕೆ. ಮೊಮ್ಮಗಳಿಗೆ ಬಂದದ್ದು ಅದೇ ಚುಕ್ಕೆ. ಮದುವೆಗೆ ಮುಂಚೆ ಐಡೆಲ್ಲಾ ಅವುಗಳನ್ನು ಎಣಿಸಲು ಹೋಗಿ ಸೋತರಂತೆ, ಆ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಈ ಚಿತ್ರದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಕಪ್ಪಗೆ, ನುಣ್ಣಗೆ, ಟೈ ಕಟ್ಟಿದ ಯಾರೋ ಅಪರಿಚಿತ. ಮಿಂಚು ತೆಗೆಯುವಾಗ ಚುಕ್ಕೆಯನ್ನೂ ಅವಳೇ ಒರೆಸಿದ್ದಳು. ಬೇರೆ ಯಾರೂ ಅಲ್ಲ.

ಸ್ಕ್ಯಾನ್ ಮಾಡಿದ್ದ ಮೊದಲ ಪ್ರತಿ ಹಳೆಯ ಕಂಪ್ಯೂಟರಿನ ಜೊತೆ ಹೋಗಿತ್ತು. ಕಾಗದದ ಫೋಟೋ ಬೇಕು. ಆಲ್ಬಮ್ ತೆಗೆದಳು. ಆ ಜಾಗ ಖಾಲಿ, ನಾಲ್ಕು ಮೂಲೆಯ ಅಂಟಿನ ಕಲೆ ಮಾತ್ರ.

ಐಡೆಲ್ಲಾ ಕೋಣೆಯಲ್ಲಿ ಹಾಸಿಗೆಯ ಅಂಚಿಗೆ ಕೂತು ಕುಂಡಗಳಿಗೆ ನೀರು ಹನಿಸುತ್ತಿದ್ದರು.

"ಅಮ್ಮಾ, ಮಾವನ ಆ ಟೈ ಕಟ್ಟಿದ ಫೋಟೋ ಎಲ್ಲಿದೆ?"

"ಯಾಕೆ?"

"ನಾನು ಕೆಡಿಸಿಬಿಟ್ಟಿದೀನಿ. ಈಗ ನೋಡ್ದೆ. ಮತ್ತೆ ಮಾಡ್ತೀನಿ."

ಐಡೆಲ್ಲಾ ನೀರಿನ ಲೋಟ ಕೆಳಗಿಟ್ಟರು. ಡ್ರಾಯರ್ ಎಳೆದರು. ಪುಸ್ತಿಕೆಗಳ ಕಟ್ಟುಗಳು, ನಲವತ್ತು ವರ್ಷದ ಸತ್ತವರು. ಅವರು ಕಟ್ಟು ಬಿಚ್ಚಲಿಲ್ಲ. ಎಲ್ಲಕ್ಕಿಂತ ಮೇಲೆ ಒಂಟಿಯಾಗಿ ಇದ್ದದ್ದನ್ನು ತೆಗೆದುಕೊಟ್ಟರು. ಎಜೆಲ್ ಅವರ ಪುಸ್ತಿಕೆ. ಮುಖಪುಟದಲ್ಲಿ ಷರೀಸ್ ಮಾಡಿದ ಮುಖದ ಮೇಲೆ ಆಲ್ಬಮ್ಮಿನ ಫೋಟೋವನ್ನು ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಅಂಟಿಸಿತ್ತು. ಕೆಂಪುಕಂದು ಮುಖ, ಮೂಗಿನ ಮೇಲೆಲ್ಲ ಚುಕ್ಕೆ. ಅಂಟು ಹಳೆಯದಾಗಿ ಹಳದಿಗೆ ತಿರುಗಿತ್ತು.

ಷರೀಸ್ ಪುಸ್ತಿಕೆ ಹಿಡಿದೇ ಹಾಸಿಗೆಯ ಮೇಲೆ ಕೂತಳು.

"ಯಾವಾಗ ಅಂಟಿಸಿದ್ರಿ?"

"ಮಣ್ಣು ಮಾಡಿ ಬಂದ ಸಂಜೆ."

"ನಾಲ್ಕು ವರ್ಷ! ನನಗೊಂದು ಮಾತು ಹೇಳ್ಬಾರ್ದಾ ಅಮ್ಮಾ?"

"ಹೇಗೆ ಹೇಳ್ಲಿ? ಥರ್ಮನ್ ಸೋಫಾ ಮೇಲೆ ಮಗು ಹಾಗೆ ಅಳ್ತಿದ್ದ. ನೀನು ಮೂರು ದಿನ ಊಟ ಬಿಟ್ಟು ಕೂತು ಮಾಡಿದ್ದೆ. ಇಡೀ ಚರ್ಚು ನಿನ್ನನ್ನ ಹೊಗಳ್ತಿತ್ತು. ಅವರ ಶವಪೆಟ್ಟಿಗೆ ಮುಂದೆ ನಿಂತ್ಕೊಂಡು, ಇದು ನನ್ನ ಗಂಡ ಅಲ್ಲ ಅಂತ ಕೂಗ್ಲಾ?"

"ಆಮೇಲಾದ್ರೂ?"

"ಆಮೇಲೆ ನಿನಗೆ ಕೆಲಸ ಸಿಕ್ತು. ಬಟ್ಟೆ ಒಗೆದು ಬಂದು ಆ ಮೇಜಿನ ಮುಂದೆ ಕೂತಾಗ ಮಾತ್ರ ನಿನ್ನ ಮುಖ ಮುಖದ ಹಾಗಿರೋದು. ಹೋಗ್ಲಿ, ತಾನೇ ಕಲೀತಾಳೆ ಅಂದ್ಕೊಂಡೆ." ಐಡೆಲ್ಲಾ ದನಿ ಕುಗ್ಗಿತು. "ವರ್ಲೀನ್ ಮುಖ ನೋಡಿದ ದಿನ ನನಗೆ ನಿದ್ದೆ ಹತ್ಲಿಲ್ಲ ಷರೀಸ್. ಅದನ್ನ ಕೆಡಿಸಿದ್ದು ನೀನೊಬ್ಬಳೇ ಅಲ್ಲ. ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದ ನಾನೂ ಸೇರಿದೀನಿ. ನೆಲ ನಿಜವಾಗ್ಲೂ ಡೊಂಕಿತ್ತು. ನಾನು ಕುಣಿಯೋಳನ್ನ ಮಾತ್ರ ಆಡಿಕೊಂಡೆ."

ಷರೀಸ್‌ಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯದೆ ಕೈಯಲ್ಲಿದ್ದ ಪುಸ್ತಿಕೆಯನ್ನೇ ನೋಡುತ್ತ ಕೂತಳು. ಒಂದೂವರೆಗೆ ಕೋಟು ಹಾಕಿಕೊಂಡು ಕೆಲಸಕ್ಕೆ ಹೋದಳು. ಅತ್ತರೂ ಸಿಟ್ಟಾದರೂ ಆಸ್ಪತ್ರೆಯ ಬಟ್ಟೆ ಬಿದ್ದೇ ಇರುತ್ತದೆ.

ಫೋಟೋವನ್ನು ಕೀಳಲು ಅವಳಿಗೆ ಮನಸ್ಸಾಗಲಿಲ್ಲ. ಅಂಟಿಸಿದ್ದು ಅಂಟಿಸಿದ ಹಾಗೇ ಇಡೀ ಪುಸ್ತಿಕೆಯನ್ನು ಸ್ಕ್ಯಾನರಿನ ಮೇಲೆ ಮಲಗಿಸಿದಳು. ಆರು ದಿನ ಬೆಳಿಗ್ಗೆ ಕರ್ಟನ್ ಎಳೆದು ಕೂತಳು. ಹಣೆಯ ಮಿಂಚಿಗೆ ಕೈ ಹಾಕಲಿಲ್ಲ. ಬೆವರುವ ಮನುಷ್ಯ ಮಿಂಚುತ್ತಾನೆ, ಅದರಲ್ಲಿ ತಿದ್ದುವುದೇನಿದೆ? ಗೀರು, ಧೂಳು ತೆಗೆದಳು. ಮಾಸಿದ ಕೆಂಪನ್ನು ವಾಪಸ್ ತಂದಳು. ಚುಕ್ಕೆಯೋ ಧೂಳೋ ಎಂದು ಅನುಮಾನ ಬಂದಲ್ಲೆಲ್ಲ ಶನಿವಾರ ಜೊನೆಲ್‌ಳನ್ನು ಎದುರಿಗೆ ಕೂರಿಸಿಕೊಂಡು ಅವಳ ಮೂಗು ನೋಡಿ ತೀರ್ಮಾನಿಸಿದಳು.

"ಅಮ್ಮಾ, ಸಾಕು, ಕತ್ತು ನೋಯ್ತಿದೆ."

"ತಾತನ ಮುಖ ಕಣೇ. ಅಲ್ಲಾಡಬೇಡ."

ಪೆಟವೇ ಪ್ರಿಂಟು ತೆಗೆದುಕೊಟ್ಟರು. ಕಾಗದವನ್ನು ಬೆಳಕಿಗೆ ಹಿಡಿದು, "ಇವರು ನನಗೆ ಗೊತ್ತಿರೋ ಎಜೆಲ್," ಎಂದರು. "ಜನವರಿಯಿಂದ ನೀನೇ ಮಾಡು. ನನ್ನ ತಂಗಿ ಮಗ ಹೆಸರುಗಳನ್ನೇ ತಪ್ಪು ಬರೀತಾನೆ."

ಪ್ರಿಂಟನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿ ಕೆಲಸಕ್ಕೆ ಹೋದಳು. ಚೀಟಿ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದಲ್ಲಿ ಥರ್ಮನ್‌ನ ಚೀಟಿ ಇತ್ತು. ಒಂದೇ ಮಾತು: "ಅಪ್ಪ."

ಐಡೆಲ್ಲಾ ಪ್ರಿಂಟನ್ನು ನೋಡಿ ಹೊಗಳಲಿಲ್ಲ. "ಎಷ್ಟು ಪ್ರತಿ ತೆಗೆಸ್ತೀಯ?" ಎಂದು ಕೇಳಿದರು.

"ಒಂದು. ನಿಮಗೆ."

"ಹಳೇ ಮುಖ ಇನ್ನೂರು ಮನೆ ಬೈಬಲಲ್ಲಿ ಕೂತಿದೆ."

ಇನ್ನೂರು ಸಾಧ್ಯವಾಗಲಿಲ್ಲ. ಮುಖಪುಟ ಮಾತ್ರ ಅರವತ್ತು ತೆಗೆಸಿದರು. ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮದರ್ ಗೇನ್ಸ್ ಕೋಲೂರಿಕೊಂಡು ಸಾಲಿಂದ ಸಾಲಿಗೆ ಹೋದರು. "ನಿನ್ನ ಹತ್ರ ಇರೋದು ಎಜೆಲ್ ಅಲ್ಲ. ಇದನ್ನ ಇಟ್ಕೋ," ಎಂದು ಒಂದೊಂದು ಕೈಗೆ ಕೊಟ್ಟರು. ತಪ್ಪು ಯಾರದೆಂದು ಒಬ್ಬರು ಕೇಳಿಯೇಬಿಟ್ಟರು. "ನಮ್ಮಿಬ್ಬರದು," ಎಂದು ಹಿಂದೆ ನಿಂತ ಸೊಸೆಯ ಕಡೆ ಗದ್ದ ಎತ್ತಿ ತೋರಿಸಿದರು. ಷರೀಸ್‌ಗೆ ನೆಲ ಬಿರಿಯಬಾರದೇ ಎನ್ನಿಸಿತು. ಆದರೂ ಅರವತ್ತನೆಯ ಕೈವರೆಗೆ ಜೊತೆಗೆ ನಡೆದಳು. ಕೊನೆಯದಾಗಿ ವರ್ಲೀನ್ ಓಕ್ಸರ ಮಗಳ ಮುಂದೆ ನಿಂತು, "ನಿಮ್ಮಮ್ಮನದೂ ಮತ್ತೆ ಮಾಡಿಕೊಡ್ತೀನಿ," ಎಂದಳು. ಆ ಮಗಳು ಕೂಡಲೇ ಹ್ಞೂಂ ಎಂದಳು. ಅಷ್ಟು ಬೇಗ ಹ್ಞೂಂ ಎಂದದ್ದರಲ್ಲೇ, ನಾಲ್ಕು ವರ್ಷ ಯಾರೂ ಮಾತೆತ್ತದೆ ನುಂಗಿಕೊಂಡದ್ದು ಎಷ್ಟೆಂದು ಷರೀಸ್‌ಗೆ ಗೊತ್ತಾಯಿತು.

ಜನವರಿಯ ಒಂದು ಬೆಳಿಗ್ಗೆ ಷರೀಸ್ ಕೂತು ವರ್ಲೀನ್ ಕೆಲಸ ಮುಗಿಸುತ್ತಿದ್ದಾಗ ಐಡೆಲ್ಲಾ ಬೆಣ್ಣೆ ಹಚ್ಚಿದ, ಬನ್ನಿನಂಥ ಮೆತ್ತನೆಯ ಬಿಸ್ಕತ್ತಿನ ತಟ್ಟೆ ಹಿಡಿದು ಬಂದರು. ಬೆಣ್ಣೆ ಮೆತ್ತಿದ ಕೈಯಲ್ಲೇ ಅಂಗಿಯ ಜೇಬಿನಿಂದ ಒಂದು ಫೋಟೋ ತೆಗೆದು ಕೀಲಿಮಣೆಯ ಮೇಲಿಟ್ಟರು. ಬಿಳಿ ಟೋಪಿ, ಬಿಳಿ ಉಡುಪು, ಗದ್ದ ಎತ್ತಿದ ಹೆಂಗಸು.

"ನನಗೇನೂ ಅವಸರ ಇಲ್ಲ," ಎಂದರು. "ಆದ್ರೆ ನನ್ನ ಕಣ್ಣೆದುರಿಗೇ ಆಗ್ಲಿ. ಆಮೇಲೆ ಅಂಟಿಸೋದಕ್ಕೆ ನಾನಿರಲ್ಲ."

ಷರೀಸ್ ಅರ್ಧ ಅಗಿದ ಬಿಸ್ಕತ್ತು ಬಲದವಡೆಯಲ್ಲೇ ನಿಂತಿತು. ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಫೋಟೋವನ್ನು ಸ್ಕ್ಯಾನ್ ಮಾಡಿದಳು. ಐಡೆಲ್ಲಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಮಂಕು ಬೆಳಕಿನಲ್ಲಿ ಷರೀಸ್ ಆ ಮುಖ ತಿದ್ದುತ್ತ, ಅತ್ತೆ ನೋಡುತ್ತ ಒಂದು ಗಂಟೆ ಕಳೆಯಿತು. ಐಡೆಲ್ಲಾ ಒಮ್ಮೆಲೇ ಮುಂದೆ ಬಾಗಿದರು.

"ಕಿವಿ ಹತ್ರ ಕಪ್ಪು ಮಾಡಿದೀಯ."

"ಎಲ್ಲಿ ಅಮ್ಮಾ?"

"ಇಲ್ಲಿ, ನೋಡು." ಅವರು ಬೆಣ್ಣೆಯ ಬೆರಳನ್ನು ಮಾನಿಟರಿನ ಮೇಲೆ ಒತ್ತಿದರು. ಆ ಮಾನಿಟರನ್ನು ಮುಟ್ಟಿದ್ದಕ್ಕೆ ಜೊನೆಲ್ ಎರಡು ಸಲ, ಥರ್ಮನ್ ಮೂರು ಸಲ ಬೈಸಿಕೊಂಡಿದ್ದರು. ಕಿವಿಯ ಮೇಲೆ ಬೆರಳಿನ ಜಿಡ್ಡು ದುಂಡಗೆ ಕೂತಿತು.

ಷರೀಸ್ ಮೊದಲು ಕಿವಿ ಸರಿಮಾಡಿದಳು. ಆಮೇಲೆ ಮಾನಿಟರ್ ಒರೆಸಿದಳು.